ಎಂಟನೆಯ ಸಹಿ

ಅರ್ಧ ತೊಲ ಬಂಗಾರದ ಒಂದು ಪದಕ. ಅದರ ಜೊತೆಗೆ ಬಿ.ಎಸ್ಸಿ. ಮೊದಲ ವರ್ಷದವರಿಗೆ ಗಣಿತ ಹೇಳಿಕೊಡುವ ಕೆಲಸ. ಎರಡೂ ಒಬ್ಬನಿಗೇ. ಬದಲಿಗೆ ಅವನು ತರಬೇಕಾದದ್ದು ಎಂಟು ಸಹಿ.

ವ್ಯವಹಾರ ಇಷ್ಟೇ ಇತ್ತು.

ಪದಕ ಇಟ್ಟವರು ಒಬ್ಬ ಸಾಲಿ ಮಾಸ್ತರರ ಹೆಂಡತಿ. ಗಂಡ ತೀರಿಕೊಂಡ ಮೇಲೆ ವಿಶ್ವವಿದ್ಯಾಲಯಕ್ಕೆ ಬಂದು, ಒಂದೇ ಷರತ್ತು ಹಾಕಿ ಹೋಗಿದ್ದರು. ಕೊನೆಯ ವರ್ಷದವರು ಬರೆದ ಪ್ರಬಂಧವನ್ನು ಪ್ರೊಫೆಸರರು ಓದಲಿ. ಆದರೆ ಅದರ ಮೊದಲ ಪುಟವನ್ನು ಮೊದಲ ವರ್ಷದಲ್ಲಿ ಹಿಂದೆ ಬಿದ್ದವರಿಗೆ ಬರೆದವನೇ ತಿಳಿಸಿ ಹೇಳಬೇಕು. ‘ತಿಳಿಯಿತು’ ಎಂದು ಅವರೆಲ್ಲ ಸಹಿ ಹಾಕಬೇಕು. ಒಬ್ಬರು ಹಾಕದಿದ್ದರೂ ಆ ವರ್ಷ ಪದಕ ಪೆಟ್ಟಿಗೆಯಲ್ಲೇ.

ಆ ವರ್ಷ ಹಿಂದೆ ಬಿದ್ದವರು ಎಂಟು ಮಂದಿ. ಅದರಲ್ಲಿ ನಾನೂ ಒಬ್ಬ.

ಈಗ ನನ್ನದು ಮೆಣಸಿನಕಾಯಿ ಅಡತಿ ಅಂಗಡಿ. ಮಾಲು ಒಯ್ಯುವವನೇ ಚೀಲಕ್ಕೆ ಕೈ ಹಾಕಿ ನೋಡಿ ಒಪ್ಪಬೇಕು ಎನ್ನುವ ಆ ಹೆಣ್ಣುಮಗಳ ಷರತ್ತು ನನಗೆ ಇವತ್ತಿಗೂ ಸರಿ ಕಾಣುತ್ತದೆ.

ಪ್ರಬಂಧ ಬರೆದವನು ರಾಚಪ್ಪ ಕಡಕೋಳ. ಹಾಸ್ಟೆಲಿನಲ್ಲಿ ನನ್ನ ಕೋಣೆಯವನು, ನನಗಿಂತ ಎರಡು ವರ್ಷ ಮುಂದಿನವನು. ಲೆಕ್ಕದಲ್ಲಿ ಅವನ ಸರಿಸಮ ಯಾರೂ ಇರಲಿಲ್ಲ. ಪದಕ ಬಂದರೆ ಮುಂಬೈಯಲ್ಲಿ ಮುಂದಿನ ಓದಿಗೆ ಕರೆ ಬರುತ್ತಿತ್ತು. ವಿಭಾಗದ ಪಡಸಾಲೆಯಲ್ಲಿ ಒಂದು ಕರೀ ಹಲಗೆ ಇತ್ತು. ಪದಕ ಪಡೆದವರ ಹೆಸರನ್ನು ಅದರ ಮೇಲೆ ಹಳದಿ ಬಣ್ಣದಲ್ಲಿ ಬರೆಸುತ್ತಿದ್ದರು. ರಾಚಪ್ಪ ದಿನಾಲೂ ಅದರ ಮುಂದೆ ನಿಂತು, ಕೊನೆಯ ಹೆಸರಿನ ಕೆಳಗಿನ ಖಾಲಿ ಜಾಗ ನೋಡಿ ಮುಂದೆ ಹೋಗುತ್ತಿದ್ದ.

ಅವನ ಗುರುಗಳು ಗಲಗಲಿ ಸರ್. ಬಿಳೀ ಧೋತರ, ಕರೀ ಕೋಟು, ಕೋಟಿನ ಕಿಸೆಯಲ್ಲಿ ಖಡುವಿನ ತುಂಡು. ಬೋರ್ಡಿನ ಮೇಲೆ ಬರೆದದ್ದಕ್ಕಿಂತ ಕಿಸೆಯಲ್ಲಿ ಪುಡಿಯಾದದ್ದೇ ಹೆಚ್ಚು. ಮಾತು ಕಡಿಮೆ.

ಆಗ ವಿಶ್ವವಿದ್ಯಾಲಯದ ಆ ಗುಡ್ಡದ ಮೇಲೆ ಕಟ್ಟಡ ಕಡಿಮೆ ಇದ್ದವು, ಗಾಳಿ ಹೆಚ್ಚಿತ್ತು.

ಮೊದಲ ದಿನ ರಾಚಪ್ಪ ನಮ್ಮ ಮುಂದೆ ಬಂದು ನಿಂತ. ಗಲಗಲಿ ಸರ್ ಹಿಂದಿನ ಬೆಂಚಿನ ಮೇಲೆ, ನನ್ನ ಬಾಜೂಕ್ಕೆ ಕೂತರು.

"ಎಷ್ಟರ ಮಂದಿ ಕೂಡಿರ್ಲಿ," ಅಂದ ರಾಚಪ್ಪ. "ಯಾರು ಯಾರ ಕೈ ಬೇಕಾದ್ರ ಕುಲುಕ್ಲಿ. ಒಂದು ಸಲ, ಮೂರು ಸಲ, ಐದು ಸಲ, ಹಿಂಗ ಬೆಸ ಸಲ ಕೈ ಕುಲುಕಿದವ್ರನ್ನ ಎಬ್ಬಿಸಿ ನಿಲ್ಸ್ರಿ. ನಿಂತವ್ರ ಸಂಖ್ಯೆ ಯಾವಾಗ್ಲೂ ಸಮ ಬರ್ತೈತಿ. ಇದು ಸ್ಪಷ್ಟ."

ಮೂಲೆಯಿಂದ ಕುಸುಮಾ ಪತ್ತಾರ ಕೈ ಎತ್ತಿದಳು. ನಮ್ಮ ಎಂಟು ಮಂದಿಯಲ್ಲಿ ಅವಳ ಅಂಕ ಎಲ್ಲರಿಗಿಂತ ಕಡಿಮೆ. ಪರೀಕ್ಷೆಯಲ್ಲಿ ಮೊದಲ ಪ್ರಶ್ನೆಯ ಮೇಲೇ ಮೂರು ತಾಸು ಕೂಡುವವಳು.

"ಹೆಂಗ್ರಿ ಅಣ್ಣಾರ?"

"ಹೆಂಗಂದ್ರ? ಸ್ಪಷ್ಟ ಐತಲ್ಲ."

"ನಿಮಗ ಐತ್ರಿ. ನನಗಿಲ್ಲ."

"ಇನ್ನೊಮ್ಮೆ ಓದು. ತಿಳೀತೈತಿ."

"ಓದಿದ್ರ ತಿಳಿಯೂದಾಗಿದ್ರ ನಾವ್ಯಾಕ ಈ ಕೋಣ್ಯಾಗ ಇರ್ತಿದ್ವಿರಿ?"

ನಾವು ನಕ್ಕೆವು. ರಾಚಪ್ಪನ ಕಿವಿ ಕೆಂಪಾದವು. ಅವನು ಬೋರ್ಡಿನ ಮೇಲೆ ‘ಸ್ಪಷ್ಟ’ ಎಂಬ ಶಬ್ದದ ಕೆಳಗೆ ಗೆರೆ ಎಳೆದ. ಇನ್ನೂ ಒಂದು ಗೆರೆ ಎಳೆದ. ಖಡು ಮುರಿಯಿತು.

ಆ ದಿನ ಒಂದು ಸಹಿಯೂ ಬೀಳಲಿಲ್ಲ.

ಗಲಗಲಿ ಸರ್ ಸಂಜೆ ಕೆರೆಯ ಏರಿಯ ಮೇಲೆ ಅಡ್ಡಾಡುತ್ತಿದ್ದರು. ರಾಚಪ್ಪ ಅವರ ಬೆನ್ನು ಹತ್ತಿದ. ನಾನು ರಾಚಪ್ಪನ ಬೆನ್ನು ಹತ್ತಿದೆ.

"ಸರ, ಅದು ಅವ್ರ ತಲಿಗೆ ಹೋಗೂದಿಲ್ರಿ."

"ಯಾರ ತಲಿಗೆ?"

"ಆ ಎಂಟೂ ಮಂದಿ ತಲಿಗೆ. ಇಂವನೂ ಹಿಡಕೊಂಡು." ನನ್ನ ಕಡೆ ಬೆರಳು ತೋರಿಸಿದ.

ಸರ್ ಹೆಜ್ಜೆ ಚುರುಕು ಮಾಡಿದರು.

"ಸರ, ಪದಕ ಅಷ್ಟ ನನಗ ಕೊಟ್ಟು, ಆ ಕ್ಲಾಸು ಬ್ಯಾರೆ ಯಾರಿಗರ ಕೊಡಾಕ ಬರೂದಿಲ್ಲೇನ್ರಿ?"

ಸರ್ ನನ್ನ ಕಡೆ ತಿರುಗಿದರು. "ಏ ಸಾವ್ಕಾರ. ನಿಮ್ಮಪ್ಪನ ಅಂಗಡಿಗೆ ಒಬ್ಬ ಗಿರಾಕಿ ಬಂದು, ಮಾಲು ಇಲ್ಲೇ ಇರ್ಲಿ, ಬರೇ ತೂಕ ಕಟ್ಟಿಕೊಡ್ರಿ ಅಂದ್ರ ಏನ್ ಮಾಡ್ತಾರ?"

"ನೀರು ಕುಡಿಸಿ ಕಳಸ್ತಾರ್ರಿ."

"ಕೆರಿ ಇಲ್ಲೇ ಅದ ನೋಡು ರಾಚಪ್ಪ," ಅಂದರು ಸರ್.

ನಾನು ನಕ್ಕೆ. ರಾಚಪ್ಪ ನಗಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಸರ್ ನಿಂತರು. ಬಲಗೈ ಚಾಚಿದರು. "ಕೈ ಕೊಡು."

ರಾಚಪ್ಪ ಕೊಟ್ಟ. ಸರ್ ಕುಲುಕಿದರು, ಆದರೆ ಬಿಡಲಿಲ್ಲ.

"ಎಷ್ಟು ಕೈ ಅವ ಇಲ್ಲೆ?"

"ಎರಡ್ರಿ."

"ನಂದಷ್ಟ ಎಣಿಸಿದ್ರ?"

"ಒಂದ್ರಿ. ಆದ್ರ ಅದು ಅರ್ಧಾ ಲೆಕ್ಕ. ಒಂದು ಸಲ ಕುಲುಕಿದ್ರ ಎರಡು ಕೈ ಬಂದ ಬರ್ತಾವು. ಅದಕ್ಕ ಎಲ್ಲಾರ ಲೆಕ್ಕ ಕೂಡಿಸಿದ್ರ ಸಮ. ಬೆಸದವ್ರು ಜೋಡಿ ಜೋಡಿಯಾಗಿ ಇರಾಕಬೇಕು. ಇಲ್ಲಂದ್ರ ಕೂಡಿಸಿದ್ದು ಸಮ ಬರೂದಿಲ್ಲ."

"ಇದು ನಿನ್ನ ಪುಟದಾಗ ಎಲ್ಲಿ ಅದ?"

"ಸ್ಪಷ್ಟ ಅಂದೆನಲ್ರಿ, ಅದರ ಒಳಗೈತಿ."

"ಹೊರಗ ತಗಿ," ಅಂದರು ಸರ್. ಆಗ ಕೈ ಬಿಟ್ಟರು.

ಚೀಲದ ಬಾಯಿಗೆ ಕೆಂಪು ಕಾಯಿ ಹಾಕಿ ತಳಕ್ಕೆ ಬಿಳಿ ಕಾಯಿ ತುಂಬಿ ತರುವವರನ್ನು ಆಮೇಲೆ ನಾನು ಬಹಳ ನೋಡಿದೆ. ಚೀಲ ಬಿಚ್ಚು ಅಂದರೆ ಅವರೂ ಹಾಗೇ: "ನೋಡೂದೇನ್ರಿ, ಕಣ್ಣಿಗೆ ಕಾಣ್ತೈತಲ್ಲ!" ರಾಚಪ್ಪ ಮೋಸಗಾರನಲ್ಲ. ತನ್ನ ಚೀಲದ ತಳದಲ್ಲಿ ಏನಿದೆ ಎಂದು ಅವನೇ ನೋಡಿರಲಿಲ್ಲ.

ಕೊನೆಯ ದಿನ ಬಂತು. ಸಂಜೆ ಐದಕ್ಕೆ ಸಹಿಯ ಹಾಳೆ ಆಫೀಸಿಗೆ ಮುಟ್ಟಬೇಕು. ಕೊಟ್ಟ ಪುಟದಲ್ಲಿ ಒಂದಕ್ಷರ ತಿದ್ದುವಂತಿಲ್ಲ. ಹೇಳುವುದನ್ನು ಮಾತ್ರ ಹೇಗೆ ಬೇಕಾದರೂ ಹೇಳಬಹುದು.

ರಾಚಪ್ಪ ಬೋರ್ಡಿನ ಹತ್ತಿರ ಹೋಗಲೇ ಇಲ್ಲ.

"ಏಳ್ರಿ ಎಲ್ಲಾರೂ," ಅಂದ. "ಯಾರ ಕೈ ಬೇಕು ಅವ್ರ ಕೈ ಕುಲುಕ್ರಿ. ಎಷ್ಟು ಸಲ ಅಂತ ನಿಮ್ಮ ನಿಮ್ಮ ಲೆಕ್ಕ ಇಟ್ಕೋರಿ."

ಕೋಣೆಯಲ್ಲಿ ಮದುವೆ ಮನೆಯ ಗದ್ದಲ ಆಯಿತು. ಹುಡುಗರು ಹುಡುಗಿಯರ ಕೈ ಕುಲುಕುವ ಕಾಲ ಅದಲ್ಲ. ಕುಸುಮಾ ಮೊದಲು ಅಳುಕಿದಳು. ಆಮೇಲೆ ಪಟಪಟನೆ ನಾಲ್ಕು ಮಂದಿಗೆ ಕೈ ಕೊಟ್ಟು ಬಂದಳು.

"ಬೆಸ ಬಂದವ್ರು ನಿಲ್ರಿ. ಉಳಿದವ್ರು ಕೂಡ್ರಿ."

ನಾಲ್ವರು ನಿಂತರು. ಇನ್ನೊಮ್ಮೆ ಮಾಡಿಸಿದ, ಇಬ್ಬರು ನಿಂತರು. ಒಂದು ಕುಲುಕಿಗೆ ಎರಡು ಕೈ ಎಂದು ಅವನು ಬಿಡಿಸಿ ಹೇಳುವ ಹೊತ್ತಿಗೆ ಮಾತು ನಮ್ಮ ತಲೆಗೆ ಹತ್ತತೊಡಗಿತ್ತು.

ಮೂರನೆಯ ಸಲ ಗದ್ದಲ ನಡೆದಾಗ, ಎಂದಿನಂತೆ ಹಿಂದೆ ಕೂತಿದ್ದ ಗಲಗಲಿ ಸರ್ ಬೆಂಚಿನ ಕೆಳಗಿಂದ ನನ್ನ ಕಡೆ ಕೈ ಚಾಚಿದರು.

"ಸಾವ್ಕಾರ," ಅಂದರು ಮೆಲ್ಲಗೆ, "ಕೈ ಕೊಡು."

ಕೊಟ್ಟೆ. ಎಣಿಸಿಕೊಂಡೆ. ನನ್ನದು ಬೆಸ ಆಯಿತು.

"ಬೆಸ ಬಂದವ್ರು ನಿಲ್ರಿ."

ಮೂವರು ನಿಂತೆವು.

ರಾಚಪ್ಪ ಎಣಿಸಿದ. ತಿರುಗಿ ಎಣಿಸಿದ. ಮುಖ ಖಡುವಿನ ಹಾಗೆ ಬಿಳಿಚಿತು. ‘ನಿಮ್ಮಾಗ ಯಾರೋ ಲೆಕ್ಕ ತಪ್ಪ್ಯಾರ’ ಎಂದು ಅವನು ಗದರಿಸಿದ್ದರೆ ನಾವು ನಂಬುತ್ತಿದ್ದೆವು. ನಮ್ಮ ಹಣೆಬರಹವೇ ಹಾಗಿತ್ತು.

ಅವನು ಗದರಿಸಲಿಲ್ಲ.

"ನಿಮ್ಮ ಲೆಕ್ಕ ಖರೆ ಇದ್ರ," ಅಂದ ನಿಧಾನವಾಗಿ, "ನಾ ಎಣಿಸಲಾರದ ಕೈ ಒಂದೈತಿ. ನಾ ಯಾರಿಗೂ ಕೈ ಕೊಟ್ಟಿಲ್ಲ." ಹಿಂದಿನ ಬೆಂಚು ನೋಡಿದ. "ಸರ, ಒಂಚೂರು ಎದ್ದು ನಿಲ್ತೀರೇನ್ರಿ?"

ಗಲಗಲಿ ಸರ್ ಧೋತರ ಸರಿಮಾಡಿಕೊಂಡು ಎದ್ದು ನಿಂತರು. ನಾಲ್ಕಾಯಿತು.

ನಾವು ಚಪ್ಪಾಳೆ ಹೊಡೆದದ್ದು ಪಡಸಾಲೆಯ ತುದಿಯವರೆಗೆ ಕೇಳಿಸಿತಂತೆ. ಏಳು ಸಹಿ ಒಂದೇ ಉಸಿರಿಗೆ ಬಿದ್ದವು. ನನ್ನದು ಮೊದಲನೆಯದು.

ಕುಸುಮಾ ಪೆನ್ನು ಹಿಡಿದುಕೊಂಡು ಕೂತಳು.

"ಅಣ್ಣಾರ, ಒಂದು ಕೇಳಲ್ಯಾ?"

"ಕೇಳವಾ."

"ಸರು ಲೆಕ್ಕದ ಹೊರಗಿದ್ರು. ಹುಡುಕಿದ್ರಿ, ಸಿಕ್ರು. ಆ ಹೊರಗ ಅನ್ನೂದು ಮುಗೀಲೇ ಇಲ್ಲಂದ್ರ?"

"ಅಂದ್ರ?"

ಅವಳು ಎದ್ದು ಬೋರ್ಡಿನ ಮೇಲೆ ಸಾಲಾಗಿ ಚುಕ್ಕೆ ಇಟ್ಟಳು. ಬೋರ್ಡು ಮುಗಿದರೂ ಗೋಡೆಯ ಮೇಲೆ ಎರಡು ಇಟ್ಟಳು.

"ಒಂದು ಸಾಲಾಗ ಮಂದಿ ನಿಂತಾರ ಅನ್ರಿ. ಸಾಲಿಗೆ ಕೊನಿನ ಇಲ್ಲ. ಮೊದಲನೇದಾಂವ ಎರಡನೇದವಗ ಕೈ ಕೊಟ್ಟ. ಎರಡನೇದಾಂವ ಮೂರನೇದವಗ ಕೊಟ್ಟ. ಹಿಂಗ ಹೋಗಕೋತನ ಇರ್ತೈತಿ. ಎಲ್ಲಾರದೂ ಎರಡೆರಡು ಸಲ ಆತು, ಹಿಂದಿನವಗೊಂದು, ಮುಂದಿನವಗೊಂದು. ಮೊದಲನೇದಾಂವಂದು ಅಷ್ಟ ಒಂದು. ಆಂವ ಒಬ್ಬನ ನಿಲ್ತಾನ." ರಾಚಪ್ಪನ ಮುಖ ನೋಡಿದಳು. "ಆಂವನ ಜೋಡಿ ಯಾರ್ರಿ?"

ಕಿಟಕಿಯ ಬಾಗಿಲು ಗಾಳಿಗೆ ಬಡಿಯಿತು. ಯಾರೂ ಏಳಲಿಲ್ಲ.

"ಏ ಕುಸುಮಾ," ಅಂದೆ ನಾನು, "ರೇಶನ್ ಅಂಗಡಿ ಮುಂದಿನ ಸಾಲಿಗೂ ಒಂದು ಕೊನಿ ಇರ್ತೈತಿ. ನಿನ್ನ ಸಾಲು ಯಾವೂರಾಗೈತಿ? ಸಹಿ ಹಾಕು, ಹೊತ್ತಾತು."

"ಎಷ್ಟರ ಮಂದಿ ಕೂಡಿರ್ಲಿ ಅಂತ ಅಣ್ಣಾರು ಬರದಾರ," ಅಂದಳು. "ನೋಡು, ಪುಟದಾಗೈತಿ."

ಇತ್ತು. ಸಾಲಿಗೆ ಕೊನೆ ಇಲ್ಲದಿದ್ದರೆ ಎಲ್ಲ ಕೂಡಿಸಿದ್ದು ಸಮವೂ ಅಲ್ಲ, ಬೆಸವೂ ಅಲ್ಲ. ಕೂಡಿಸಿ ಮುಗಿಯುವುದೇ ಇಲ್ಲ. ‘ಸ್ಪಷ್ಟ’ದ ತಳದಲ್ಲಿ ಇದೂ ಒಂದು ಕೂತಿತ್ತು.

ರಾಚಪ್ಪ ಗಡಿಯಾರ ನೋಡಿದ. ನಾಲ್ಕೂವರೆ ದಾಟಿತ್ತು.

ಕುಸುಮಾಗೂ ಪದಕದ ವಿಷಯ ಗೊತ್ತಿತ್ತು. ಪೆನ್ನಿನ ಮೊನೆ ಹಾಳೆಯ ಮೇಲಿಟ್ಟು ಕೇಳಿದಳು. "ಹಾಕಲ್ಯಾ ಅಣ್ಣಾರ? ನೀವು ಹಾಕು ಅಂದ್ರ ಹಾಕ್ತೀನ್ರಿ."

"ನಿನಗ ತಿಳೀತೇನು?"

"ತಿಳೀತ್ರಿ. ತಪ್ಪೈತಿ ಅನ್ನೂದು ತಿಳೀತು."

ರಾಚಪ್ಪ ಅವಳ ಕೈಯಿಂದ ಪೆನ್ನು ತೆಗೆದುಕೊಂಡ. ಮುಚ್ಚಳ ಹಾಕಿ ತನ್ನ ಕಿಸೆಗೆ ಸಿಕ್ಕಿಸಿದ.

"ಹಾಕಬ್ಯಾಡ," ಅಂದ.

ಹಿಂದಿನ ಬೆಂಚಿನಿಂದ ಗಲಗಲಿ ಸರ್ ಮತ್ತೊಮ್ಮೆ ಎದ್ದು ನಿಂತರು. ಈ ಸಲ ಅವರು ಯಾರ ಕೈಯನ್ನೂ ಕುಲುಕಿರಲಿಲ್ಲ.

ಹೋದ ವರ್ಷ ಮೊಮ್ಮಗಳ ಅಡ್ಮಿಶನ್ನಿಗೆಂದು ಆ ಗುಡ್ಡ ಹತ್ತಿದೆ. ನಮ್ಮ ಕೋಣೆಯಲ್ಲಿ ಈಗ ಕಂಪ್ಯೂಟರ್ ಇಟ್ಟು ಕಿಟಕಿ ಮುಚ್ಚಿದ್ದಾರೆ. ಒಳಗೆ ಗಾಳಿ ಬರುವುದಿಲ್ಲ. ಗಲಗಲಿ ಸರ್ ಹೋಗಿ ಬಹಳ ವರ್ಷವಾಯಿತು. ಪಡಸಾಲೆಯ ಹಲಗೆ ಮಾತ್ರ ಇನ್ನೂ ಇದೆ. ಬಣ್ಣ ಮಾಸಿದೆ, ಓದಲು ಬರುತ್ತದೆ. ಆ ವರ್ಷದ ಮುಂದೆ ಬರೀ ಒಂದು ಗೆರೆ. ಎರಡು ಸಾಲು ಕೆಳಗೆ, ಕುಸುಮಾ ಪತ್ತಾರ. ಮೊದಲ ವರ್ಷ ದಾಟಿದ ಮೇಲೂ ಅವಳಿಗೆ ಎರಡು ವರ್ಷ ಪಾಠ ಹೇಳಿದವನು ಯಾರು ಎಂದು ಹಲಗೆಯ ಮೇಲೆ ಬರೆಸಿಲ್ಲ. ಬರೆಸುವ ಪದ್ಧತಿ ಇಲ್ಲ.

ಮೊಮ್ಮಗಳು "ನಿಮ್ಮ ಹೆಸರು ಎಲ್ಲೈತಿ ಅಜ್ಜಾ?" ಎಂದು ಕೇಳಿದಳು. ನಾನು ಗೆರೆ ತೋರಿಸಿದೆ.

ಕುಸುಮಾ ಸಹಿ ಹಾಕದ ಆ ದಿನ ಸಂಜೆ ನಾವು ಮತ್ತೆ ಕೆರೆಯ ಏರಿಗೆ ಹೋಗಿದ್ದೆವು. ಸರ್ ಮುಂದೆ, ರಾಚಪ್ಪ ಹಿಂದೆ, ಅವನ ಹಿಂದೆ ನಾನು.

"ಮುಂಬೈ ಹೋತ್ರಿ ಸರ."

"ಹೋತು."

"ಹಲಗಿ ಮ್ಯಾಲಿನ ಹೆಸರೂ ಹೋತು."

"ಅದೂ ಹೋತು."

ನೀರಿನ ಮೇಲಿನ ಬಿಸಿಲು ಇಳಿಯಿತು.

"ಸರ, ನನ್ನ ಪುಟ ನೀವು ಮೊದಲ ಓದಿದ್ರಿ. ಆ ತಪ್ಪು ನಿಮಗ ಕಂಡಿತ್ತೇನ್ರಿ?"

"ಕಂಡಿತ್ತು."

"ಹೇಳಲಿಲ್ಲ!"

"ಹೇಳಿದ್ರ ಪುಟ ಸುಧಾರಿಸ್ತಿತ್ತು."

"ಸುಧಾರಿಸಬೇಕಾಗಿತ್ತಲ್ರಿ?"

"ಪುಟ ಅಷ್ಟ," ಅಂದರು ಸರ್. ನಾಲ್ಕು ಹೆಜ್ಜೆ ನಡೆದು ಕೇಳಿದರು. "ಸೋಮವಾರ ಎಷ್ಟಕ್ಕ ನಿನ್ನ ಕ್ಲಾಸು?"

"ನನಗೆಲ್ಲಿ ಕ್ಲಾಸು ಸರ? ಅದು ಪದಕದ ಜೋಡಿ ಹೋತಲ್ರಿ."

"ಪದಕ ಕಮಿಟಿಯವರದು. ಕ್ಲಾಸು ನಂದು. ಎಂಟೂ ಮಂದಿ ಸಹಿ ಹಾಕಿಬಿಟ್ಟಿದ್ರ, ಸೋಮವಾರ ಅಲ್ಲೆ ನಿನಗೇನು ಕೆಲಸ ಇತ್ತು?"

ರಾಚಪ್ಪ ಕಿಸೆಯಿಂದ ಸಹಿಯ ಹಾಳೆ ತೆಗೆದ. ನಾಲ್ಕು ಮಡಿಕೆಯಾಗಿತ್ತು. ಬಿಚ್ಚಿ ನೋಡಿದ. "ಇದನ್ನೇನು ಮಾಡ್ಲಿ ಸರ?"

ಗಲಗಲಿ ಸರ್ ಕೈ ಚಾಚಿದರು.

"ಏಳು ಸಹಿ ಸಿಕ್ಕಾವು, ಒಂದು ಪ್ರಶ್ನಿ ಸಿಕ್ಕಿತು. ಸಹಿ ಇತ್ತಾಗ ಕೊಡು. ಪ್ರಶ್ನಿ ನೀ ಇಟ್ಕೋ."