ಉಗುರು ಬಿದ್ದ ಸೋರೆಕಾಯಿ

"ಗುರುಗಳೇ, ನನ್ನ ಗೆಳೆಯ ನಂಬಿಕೆಗೆ ತಕ್ಕವನೋ ಅಲ್ಲವೋ ಎಂದು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಅವನು ಗೆದ್ದ. ಆದರೆ ನಾನು ಪರೀಕ್ಷಿಸಿದ್ದು ಗೊತ್ತಾದ ಮೇಲೆ ಅವನ ಮುಖ ಬಾಡಿದೆ. ಮೊದಲಿನ ನಗು ಇಲ್ಲ. ಇಂಥವನನ್ನು ಬಿಟ್ಟು ಬೇರೊಬ್ಬ ಗೆಳೆಯನನ್ನು ನೋಡಿಕೊಳ್ಳಲೇ?" ಎಂದು ಶಿಷ್ಯ ಕೇಳಿದ.

ಗುರುಗಳು, "ಗೆಳೆಯನ ಮಾತು ಆಮೇಲಿರಲಿ. ಮೊದಲು ತರಕಾರಿ ಕೊಳ್ಳುವುದನ್ನು ಕಲಿ" ಎಂದು ಕತೆ ಹೇಳತೊಡಗಿದರು.

ಒಬ್ಬ ರೈತ ಮೊದಲ ಸಲ ಸೋರೆ ಹಾಕಿದ್ದ. ಬಳ್ಳಿ ಚಪ್ಪರದ ತುಂಬ ಹಬ್ಬಿತು. ಇಪ್ಪತ್ತು ಎಳೆಯ ಕಾಯಿ ಕೊಯ್ದು ಸಂತೆಗೆ ತಂದ. ಚಪ್ಪರದಲ್ಲಿ ಇನ್ನೂ ಹೂವಿತ್ತು, ಹೀಚು ಇತ್ತು. ಅದು ಸೋರೆಯ ಕಾಲ. ಸಂತೆಯಲ್ಲಿ ಎಲ್ಲಿ ನೋಡಿದರೂ ಸೋರೆಯೇ.

ಸೋರೆ ಎಳೆಯದೋ ಬಲಿತದ್ದೋ ತಿಳಿಯಲು ಜನ ಏನು ಮಾಡುತ್ತಾರೆಂದು ನಿನಗೆ ಗೊತ್ತು. ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ಒತ್ತುತ್ತಾರೆ. ಉಗುರು ಇಳಿದರೆ ಎಳೆಯದು. ಇಳಿಯದಿದ್ದರೆ ಬಲಿತದ್ದು. ಅಲ್ಲಿಯವರೆಗೆ ಸರಿಯೇ. ರೈತನ ಬಳಿ ಬಂದ ಪ್ರತಿಯೊಬ್ಬರೂ ಒಂದು ಕಾಯಿಗೆ ಉಗುರು ಒತ್ತಿದರು. ಸಲೀಸಾಗಿ ಇಳಿಯಿತು. "ಎಳೇದಿದೆ" ಎಂದು ತಲೆಯಾಡಿಸಿದರು. ಆ ಕಾಯಿಯನ್ನು ಕೆಳಗಿಟ್ಟು, ಗಾಯವಿಲ್ಲದ ಪಕ್ಕದ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡರು. ಮಹಾ ಬುದ್ಧಿವಂತರು ನೋಡು.

ಇಳಿಹೊತ್ತಿಗೆ ಹನ್ನೊಂದು ಕಾಯಿ ಉಳಿದವು. ಹನ್ನೊಂದಕ್ಕೂ ಉಗುರಿನ ಗುರುತು ಬಿದ್ದಿತ್ತು. ಗುರುತು ಕಂದು ಬಣ್ಣಕ್ಕೆ ತಿರುಗಿತ್ತು. ಆಮೇಲೆ ಬಂದವರು ಅದನ್ನು ಕಂಡು ಮುಖ ತಿರುಗಿಸಿ ಪಕ್ಕದ ರಾಶಿಗೆ ಹೋದರು. ರೈತನ ಮನಸ್ಸು ಮುರಿಯಿತು. ಮನೆಗೆ ಹೋದವನೇ ಬಳ್ಳಿಯನ್ನು ಬುಡಸಮೇತ ಕಿತ್ತು ಹಾಕುವುದೆಂದು ತೀರ್ಮಾನಿಸಿದ.

ಆಗ ಛತ್ರದ ಅಡುಗೆಯವಳೊಬ್ಬಳು ಬಂದಳು. ಅವಳನ್ನು ನೆನೆದರೆ ನನಗೆ ಈಗಲೂ ಕೈ ಮುಗಿಯೋಣ ಅನ್ನಿಸುತ್ತದೆ. ಇಂಥದೇ ಅಡುಗೆಯೆಂದು ನಿಶ್ಚಯಿಸಿಕೊಂಡು ಅವಳು ಎಂದೂ ಸಂತೆಗೆ ಹೋದವಳಲ್ಲ. ಆಯಾ ಕಾಲಕ್ಕೆ ನೆಲ ಏನು ಕೊಟ್ಟಿತೋ ಅದನ್ನು ಕೊಂಡು, ಅದಕ್ಕೆ ತಕ್ಕ ಅಡುಗೆ ಮಾಡುತ್ತಿದ್ದಳು. ಅವರೆ ಬಂದಾಗ ಅವರೆ, ಬದನೆ ಬಂದಾಗ ಬದನೆ. ಅವಳ ಕೈಯ ಊಟ ಉಂಡವರು ಬೆರಳು ಚೀಪುತ್ತಿದ್ದರು.

ಅವಳು ಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಯಾವುದಕ್ಕೂ ಉಗುರು ತಾಗಿಸಲಿಲ್ಲ. "ಹನ್ನೊಂದನ್ನೂ ಕೊಡಪ್ಪ" ಎಂದಳು.

ರೈತನಿಗೆ ನಾಚಿಕೆಯಾಯಿತು. "ಇವು ಯಾರಿಗೂ ಬೇಡವಾದ ಕಾಯಿ ತಾಯಿ. ಅರ್ಧ ಬೆಲೆ ಕೊಡಿ, ಸಾಕು."

"ಅರ್ಧ ಯಾಕಪ್ಪ? ಇವು ಎಳೇವು ಅಂತ ಇಡೀ ಸಂತೆಯೇ ನೋಡಿ ಹೇಳಿದೆ. ಗುರುತಿಲ್ಲದ ಕಾಯಿ ಹೇಗಿದೆಯೋ ನಾನು ಕಾಣೆ. ಇವುಗಳ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ. ಪೂರ್ತಿ ಬೆಲೆ ತಗೋ. ಆದರೆ ಬೇಗ ಕೊಡು. ಗಾಯ ಆದ ಕಾಯಿ ನಾಳೆವರೆಗೆ ನಿಲ್ಲೋದಿಲ್ಲ. ಈಗಲೇ ಹೋಗಿ ಒಲೆ ಮೇಲೆ ಇಡಬೇಕು."

ಅಂದು ಛತ್ರದಲ್ಲಿ ಉಂಡವರು ಸೋರೆಕಾಯಿ ಪಲ್ಯವನ್ನು ಎರಡೆರಡು ಸಲ ಬಡಿಸಿಕೊಂಡರು. ರೈತ ಮನೆಗೆ ಹೋಗಿ ಬಳ್ಳಿಗೆ ನೀರು ಹಾಕಿದ.

ಕತೆ ಕೇಳಿ ಶಿಷ್ಯನಿಗೆ ತುಂಬ ಸಂತೋಷವಾಯಿತು. "ಎಂಥ ಹೆಂಗಸು ಗುರುಗಳೇ! ಆದರೆ ಆ ಗಿರಾಕಿಗಳನ್ನು ನೋಡಿ. ಕೈಯಲ್ಲಿದ್ದ ಒಳ್ಳೆಯ ಕಾಯಿಯನ್ನು ತಾವೇ ಚುಚ್ಚಿ, ತಾವೇ ಬಿಟ್ಟು ಹೋದರಲ್ಲ! ಎಂಥ ಮಂಕರು!" ಎಂದು ನಕ್ಕ.

ಗುರುಗಳು ಅವನ ಮುಂದೆ ಕೈ ಚಾಚಿದರು. "ಎಲ್ಲಿ, ನಿನ್ನ ಹೆಬ್ಬೆರಳು ತೋರಿಸು. ಉಗುರು ನೋಡೋಣ."