ಅಮಾವಾಸ್ಯೆಯ ದಿನ ಬಂದ ಗಿರಾಕಿ

"ಗುರುಗಳೇ, ಮನಸ್ಸು ಕುಸಿದವರಿಗೆ ಹೇಗೆ ಆಸರೆಯಾಗಬೇಕು ಎಂದು ವೈದ್ಯರು ಊರಿನ ಜನರನ್ನೆಲ್ಲ ಕೂರಿಸಿಕೊಂಡು ಹೇಳಿಕೊಡುತ್ತಿದ್ದಾರೆ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ ಎನ್ನುತ್ತಾರೆ. ಒಂದು ಔಷಧದ ಹೆಸರೂ ಗೊತ್ತಿಲ್ಲದ ನಮ್ಮಂಥವರು ಆ ಮಾತು ಎತ್ತಿದರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಾಗುವುದಿಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕ್ಷೌರಿಕನಿದ್ದ. ಅವನ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನ ಮಣೆಯ ಮೇಲೆ ಕುಳಿತವನು ಊರಿನ ಸುದ್ದಿಯೆಲ್ಲ ಕೇಳಿಸಿಕೊಂಡೇ ಏಳಬೇಕಾಗಿತ್ತು.

ಆ ಊರಿನ ವೈದ್ಯ ಒಮ್ಮೆ ಕ್ಷೌರಿಕ, ಅಗಸ, ಹೂವಾಡಗಿತ್ತಿ, ಸೂಲಗಿತ್ತಿ, ಹೀಗೆ ದಿನವೂ ಜನರ ಮುಖ ನೋಡುವವರನ್ನು ಕರೆದ. "ಕಾಲು ಮುರಿದವನು ಕುಂಟಿಕೊಂಡಾದರೂ ನನ್ನ ಹತ್ತಿರ ಬರುತ್ತಾನೆ. ಮನಸ್ಸು ಮುರಿದವನು ಬರುವುದಿಲ್ಲ. ಅವನು ಮೊದಲು ನಿಮ್ಮ ಕಣ್ಣಿಗೆ ಬೀಳುತ್ತಾನೆ. ಅನುಮಾನ ಬಂದರೆ ನೇರವಾಗಿ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಬುದ್ಧಿ ಹೇಳಬೇಡಿ. ಒಬ್ಬನನ್ನೇ ಬಿಡಬೇಡಿ, ನನ್ನ ಹತ್ತಿರ ಕರೆತನ್ನಿ," ಎಂದ.

"ನಾನು ಬಾಯಿ ಮುಚ್ಚಿಕೊಂಡರೆ ಗಿರಾಕಿ ಬೇರೆ ಯಾರದ್ದೋ ಅಂಗಡಿಗೆ ಬಂದೆ ಅಂದುಕೊಳ್ತಾನೆ, ವೈದ್ಯರೇ," ಎಂದು ಕ್ಷೌರಿಕ ಎಲ್ಲರನ್ನೂ ನಗಿಸಿದ.

ವೈದ್ಯ ನಗಲಿಲ್ಲ. ಒಬ್ಬೊಬ್ಬರನ್ನೂ ಎದುರು ಕೂರಿಸಿ ಆ ಪ್ರಶ್ನೆಯನ್ನು ಅವರ ಬಾಯಿಂದಲೇ ಕೇಳಿಸಿದ. ಕ್ಷೌರಿಕನ ಸರದಿ ಬಂದಾಗ ಅವನ ನಾಲಿಗೆ ಏಳಲೇ ಇಲ್ಲ. ಆ ಸೀಮೆಯಲ್ಲಿ ಯಾರ ಬಾಯಲ್ಲಾದರೂ ಅಶುಭದ ಮಾತು ಬಂದರೆ ಎದುರಿಗಿದ್ದವರು ಕೂಡಲೇ "ಬಿಡ್ತು ಅನ್ನು" ಎನ್ನುತ್ತಾರೆ. ಆಡಿದವನು "ಬಿಡ್ತು" ಎನ್ನುತ್ತಾನೆ. ಮಾತು ಅಲ್ಲಿಗೆ ಮುಗಿಯುತ್ತದೆ. ತೊಟ್ಟಿಲಲ್ಲಿದ್ದಾಗಿನಿಂದ ಅದನ್ನೇ ಕೇಳಿ ಬೆಳೆದ ನಾಲಿಗೆ ಅದು. ಬೆವರು ಹರಿಸಿಕೊಂಡು ಅಂತೂ ಪ್ರಶ್ನೆ ಕೇಳಿ ಮುಗಿಸಿದ.

ಮುಂದೊಂದು ಅಮಾವಾಸ್ಯೆ ಬಂತು. ಆ ದಿನ ಊರಿನಲ್ಲಿ ಯಾರೂ ಕ್ಷೌರ ಮಾಡಿಸಿಕೊಳ್ಳುವುದಿಲ್ಲ. ಕ್ಷೌರಿಕ ಒಬ್ಬನೇ ಕುಳಿತು ಕತ್ತಿ ಮಸೆಯುತ್ತಿದ್ದ. ಒಬ್ಬ ವರ್ತಕ ಬಂದು ಮಣೆಯ ಮೇಲೆ ಕುಳಿತ.

"ಇವತ್ತು ಅಮಾವಾಸ್ಯೆ, ಸಾಹುಕಾರರೇ."

"ಗೊತ್ತು. ಗಡ್ಡ ತೆಗಿ. ಮೀಸೆಯನ್ನೂ ತೆಗಿ."

ಮೀಸೆ ತೆಗೆಸುವವನು ಹೆತ್ತವರನ್ನು ಕಳೆದುಕೊಂಡವನು. ಈ ವರ್ತಕನ ತಂದೆ ತಾಯಿ ತೀರಿಹೋಗಿ ಎಷ್ಟೋ ಕಾಲವಾಗಿತ್ತು. ಅವರಿಗಾಗಿ ಅಂದು ಮೀಸೆ ತೆಗೆದವನೂ ಇದೇ ಕ್ಷೌರಿಕ.

"ಮನೆಯಲ್ಲಿ ಯಾರು ಹೋದರು?"

"ಇನ್ನೂ ಯಾರೂ ಇಲ್ಲ."

ಆ "ಇನ್ನೂ" ಕ್ಷೌರಿಕನ ಕಿವಿಯಿಂದ ಹೋಗಲಿಲ್ಲ. ಏನು ಮಾಡಬೇಕೆಂದು ತೋಚದೆ ಮುಖಕ್ಕೆ ನೊರೆ ಹಚ್ಚಿದ. ಒಂದು ಕೆನ್ನೆ ಹೆರೆಯುತ್ತ, ಪಟೇಲರ ಕತ್ತೆ ಶ್ಯಾನುಭೋಗರ ಪಡಸಾಲೆಯಲ್ಲಿ ಮಲಗಿದ್ದ ಸುದ್ದಿ ಹೇಳಿದ. ವರ್ತಕ ನಕ್ಕ. ನಗು ತುಟಿಯಿಂದ ಮೇಲೇರಲಿಲ್ಲ. ಕಣ್ಣು ಕತ್ತಿಯನ್ನು ಬಿಟ್ಟು ಕದಲಲಿಲ್ಲ.

ಕ್ಷೌರಿಕ ಕೈ ನಿಲ್ಲಿಸಿದ. ಕತ್ತಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಒಂದು ಕೆನ್ನೆ ನುಣುಪು, ಇನ್ನೊಂದರ ತುಂಬ ನೊರೆ. ಅಂಥ ಮುಖ ಹೊತ್ತು ಯಾವ ವರ್ತಕನೂ ಬೀದಿಗೆ ಇಳಿಯುವುದಿಲ್ಲ. ಇದನ್ನು ವೈದ್ಯ ಕಲಿಸಿರಲಿಲ್ಲ. ಇದು ಕ್ಷೌರಿಕನ ಸ್ವಂತ ಬುದ್ಧಿ.

ಎದುರಿಗೆ ನೆಲದ ಮೇಲೆ ಕುಳಿತ. ಅನುಮಾನ ಸುಳ್ಳಾದರೆ ತನ್ನ ಕತೆ ಮುಗಿಯಿತು. ಕ್ಷೌರಿಕ ಅಮಾವಾಸ್ಯೆಯ ದಿನ ಕೂರಿಸಿಕೊಂಡು ನನ್ನ ಸಾವು ಬಯಸಿದ ಎಂದು ವರ್ತಕ ಪೇಟೆಯೆಲ್ಲ ಹೇಳುತ್ತಾನೆ. ಆಮೇಲೆ ಈ ಮಣೆಯ ಮೇಲೆ ನೊಣವೂ ಕೂರುವುದಿಲ್ಲ. ನಿಜವಾಗಿದ್ದರೆ, ಕೇಳಿದ್ದರಿಂದಲೇ ಅದು ಗಟ್ಟಿಯಾಗಿಬಿಟ್ಟರೆ? ಆದರೂ ಕೇಳಿದ.

"ಸಾಹುಕಾರರೇ, ಸಾಯುವ ಯೋಚನೆ ಮಾಡ್ತಿದ್ದೀರಾ?"

ವರ್ತಕ ಕಲ್ಲಾದ. ಕೆನ್ನೆಯ ಮೇಲಿನ ನೊರೆ ಒಣಗತೊಡಗಿತು. ಏನಾದರೂ ತಮಾಷೆ ಮಾಡಿ ಆ ಮಾತು ಮರೆಸು ಎಂದು ಕ್ಷೌರಿಕನ ನಾಲಿಗೆ ಕುಣಿಯಿತು. ಬಿಡ್ತು ಅನ್ನಿ ಎನ್ನಲು ತುಟಿ ತೆರೆಯಿತು. ಅವನು ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿ ಹಿಡಿದು ಕುಳಿತ.

ಬಹಳ ಹೊತ್ತಿನ ಮೇಲೆ ವರ್ತಕ ಮಾತಾಡಿದ. "ಹೆಂಡತಿಗೆ ಹೇಳಿದೆ. ಬಿಡ್ತು ಅನ್ನಿ ಅಂದಳು. ಅಂದೆ. ಅಣ್ಣನಿಗೆ ಹೇಳಿದೆ. ಅವನೂ ಹಾಗೇ ಅನ್ನಿಸಿದ. ಆಮೇಲೆ ಹೇಳುವುದನ್ನೇ ಬಿಟ್ಟೆ." ಅವನು ಮೀಸೆ ಮುಟ್ಟಿಕೊಂಡ. "ಮಗನಿಗೆ ಇನ್ನೂ ಮೀಸೆ ಮೂಡಿಲ್ಲ. ನಾನು ಹೋದರೆ ತೆಗೆಸುವುದಕ್ಕೆ ಅವನ ಹತ್ತಿರ ಏನಿದೆ? ಅವನ ಪಾಲಿನದ್ದನ್ನು ನಾನೇ ತೆಗೆಸಿಬಿಡೋಣ ಅಂತ ಬಂದೆ, ಮಾರಾಯ."

ಹೇಳಿ, ಮಕ್ಕಳ ಹಾಗೆ ಅತ್ತ.

ನಿಮಗೇನು ಕಡಿಮೆಯಾಗಿದೆ ಎಂದು ಕ್ಷೌರಿಕ ಕೇಳಲಿಲ್ಲ. ಹೆಂಡತಿ ಮಕ್ಕಳ ಮುಖ ನೋಡಿ ಎನ್ನಲಿಲ್ಲ. ಅಂಥದ್ದನ್ನು ಪುಕ್ಕಟೆ ಹಂಚುವವರು ಊರಿನಲ್ಲಿ ಬೇಕಾದಷ್ಟು ಜನರಿದ್ದರು. ಅಳು ನಿಲ್ಲುವವರೆಗೂ ಸುಮ್ಮನೆ ಜೊತೆಗೆ ಕುಳಿತ.

"ವೈದ್ಯರ ಮನೆಗೆ ಹೋಗೋಣ. ನಾನೂ ಬರ್ತೀನಿ."

"ಈ ಮುಖ ಇಟ್ಟುಕೊಂಡೇ?"

"ಉಳಿದ ಗಡ್ಡ ವೈದ್ಯರ ಜಗಲಿಯಲ್ಲಿ ತೆಗೀತೀನಿ. ಮೀಸೆ ಮುಟ್ಟೋದಿಲ್ಲ."

ಇಬ್ಬರೂ ಹಗಲು ಬೆಳಕಿನಲ್ಲಿ ಪೇಟೆಯ ನಡುವೆಯೇ ನಡೆದರು. ಕಂಡವರು ಕಿಸಕ್ಕನೆ ನಕ್ಕರು. ಕ್ಷೌರಿಕ ಮೊದಲ ಸಲ ಯಾರಿಗೂ ಉತ್ತರ ಕೊಡಲಿಲ್ಲ. ವೈದ್ಯ ಬಂದು ವರ್ತಕನ ಕೈ ಹಿಡಿಯುವವರೆಗೆ, ಸುದ್ದಿ ತಿಳಿದ ಹೆಂಡತಿ ಓಡಿ ಬಂದು ಪಕ್ಕದಲ್ಲಿ ಕೂರುವವರೆಗೆ ಅವನು ಜಗಲಿ ಬಿಟ್ಟು ಇಳಿಯಲಿಲ್ಲ.

ವರ್ತಕ ಒಮ್ಮೆಲೇ ಗುಣವಾಗಲಿಲ್ಲ. ಕೆಲವು ದಿನ ಅಂಗಡಿ ತೆರೆದ, ಕೆಲವು ದಿನ ಹಾಸಿಗೆಯಿಂದಲೇ ಏಳಲಿಲ್ಲ. ಆದರೆ ಬದುಕಿದ್ದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಮೆಲ್ಲಗೆ ಕೇಳಿದ: "ಆದರೂ ಗುರುಗಳೇ, ಬಿಡ್ತು ಅನ್ನು ಎಂದು ಹೇಳುವುದು ಪ್ರೀತಿಯಿಂದಲೇ ಅಲ್ಲವೇ?"

"ಪ್ರೀತಿಯಿಂದಲೇ," ಎಂದರು ಗುರುಗಳು. "ನೀನು ಹಾಗೆ ಯಾರಿಗೆ ಹೇಳಿ ಬಂದೆ?"