ಸೆವ್ರಿನ್ ಬಾಯಿಯ ಫಾರಿನ್ ವೈನ್

ಮಂಗಳೂರಿನ ನಮ್ಮ ಬೀದಿಯಲ್ಲಿ ಬಟ್ಟೆ ಹೊಲಿಯುವ ಸೆವ್ರಿನ್ ಬಾಯಿ ಇದ್ದರು. ಮಗಳ ನಿಶ್ಚಿತಾರ್ಥಕ್ಕೆ ತಿಂಗಳಿರುವಾಗ ವರನ ಸೋದರಮಾವ ಇನಾಸ್ ಪಟ್ಟು ಹಿಡಿದರು: "ಫಾರಿನ್ ವೈನ್ ಇಲ್ಲದಿದ್ದರೆ ನಾವು ಬರುವುದಿಲ್ಲ."

ಸೆವ್ರಿನ್ ಬಾಯಿ ಪೇಟೆಯಿಂದ ದ್ರಾಕ್ಷಿ ಪುಡಿ, ಯೀಸ್ಟ್ ಇದ್ದ, ಮನೆಯಲ್ಲೇ ವೈನ್ ಮಾಡುವ ಅಗ್ಗದ ಪೊಟ್ಟಣ ತಂದು, ಸಕ್ಕರೆ ನೀರಲ್ಲಿ ಕದಡಿ, ಭರಣಿಗೆ ತುಂಬಿ ಬಟ್ಟೆ ಕಟ್ಟಿಟ್ಟರು. ಅವರ ಅಡುಗೆಮನೆಯ ಆ ಹುಳಿಸಿಹಿ ವಾಸನೆ ನನಗೆ ಇಂದಿಗೂ ನೆನಪುಂಟು.

ನಿಶ್ಚಿತಾರ್ಥದ ದಿನ ಇನಾಸ್ ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. "ಪೋರ್ಚುಗಲ್‌ನದ್ದೇ! ಇಪ್ಪತ್ತು ವರ್ಷ ಹಳೆಯದು. ಎಲ್ಲಿ ಸಿಕ್ಕಿತು?"

"ಮೊದಲು ಉಂಗುರ ತೊಡಿಸಲಿ, ಆಮೇಲೆ ಹೇಳ್ತೇನೆ," ಎಂದರು ಸೆವ್ರಿನ್ ಬಾಯಿ.

ಉಂಗುರ ಬೆರಳಿಗೇರಿದ ಮೇಲೆ ಖಾಲಿ ಪೊಟ್ಟಣವನ್ನು ಇನಾಸರ ಕೈಗಿಟ್ಟರು. "ಇಪ್ಪತ್ತೆಂಟು ದಿನದ್ದು ಮಾರಾಯ್ರೆ."

ಇನಾಸ್ ಕೆಂಪಾದರು. ಸ್ವಲ್ಪ ಹೊತ್ತಿಗೆ ಖಾಲಿ ಗ್ಲಾಸು ಚಾಚಿ ಮೆಲ್ಲಗೆ ಕೇಳಿದರು: "ಮದುವೆಗೆ ಎಷ್ಟು ಭರಣಿ ಹಾಕ್ತೀರಿ?"